ವಿಮಾನದಿಂದ ಜಿಪಿಎಸ್ ಪ್ರತಿಫಲನ ಅಳೆಯುವುದು: ದಾರಿಯ ವ್ಯತ್ಯಾಸದ ಸೂತ್ರ ಎಲ್ಲಿಂದ ಬಂತು?

ಏರ್ ನ್ಯೂಜಿಲೆಂಡ್‌ನ ಒಂದು ಕ್ಯೂ300 ವಿಮಾನ 2022ರ ಸೆಪ್ಟೆಂಬರ್‌ನಲ್ಲಿ ಪ್ರಯಾಣಿಕರ ಜೊತೆ ನಾಸಾದ ಒಂದು ರಿಸೀವರನ್ನೂ ಹೊತ್ತು ಹಾರಲು ಶುರು ಮಾಡಿತು. ಯೋಜನೆಯ ಹೆಸರು ರೊಂಗೊವಾಯ್. ಈ ಉಪಕರಣ ತಾನಾಗಿ ಯಾವ ಸಿಗ್ನಲನ್ನೂ ಕಳಿಸುವುದಿಲ್ಲ. ವಿಮಾನದ ಬೆನ್ನ ಮೇಲಿನ ಆಂಟೆನಾ ಜಿಪಿಎಸ್ ಉಪಗ್ರಹದಿಂದ ನೇರ ಬರುವ ಸಿಗ್ನಲ್ ಹಿಡಿಯುತ್ತದೆ. ಹೊಟ್ಟೆಯ ಕೆಳಗಿನದು ನೆಲಕ್ಕೋ ನೀರಿಗೋ ಬಡಿದು ಮೇಲೆ ಬಂದದ್ದನ್ನು ಹಿಡಿಯುತ್ತದೆ. ಪ್ರತಿಫಲಿಸಿದಾಗ ಧ್ರುವೀಕರಣ, ಅಂದರೆ ಅಲೆ ಸುತ್ತುತ್ತಾ ಬರುವ ದಿಕ್ಕು, ಬಹುಮಟ್ಟಿಗೆ ಬಲದಿಂದ ಎಡಕ್ಕೆ ತಿರುಗುತ್ತದೆ.

ಪ್ರತಿಫಲಿತ ಸಿಗ್ನಲ್ ಎಷ್ಟು ಜಾಸ್ತಿ ದೂರ ಬರುತ್ತದೆ? ಪುಸ್ತಕಗಳಲ್ಲಿ ಒಂದೇ ಸಾಲು ಇರುತ್ತದೆ: 2 × ವಿಮಾನದ ಎತ್ತರ × ಸೈನ್(ಉಪಗ್ರಹದ ಏರುಕೋನ). ಏರುಕೋನ ಅಂದರೆ ಉಪಗ್ರಹ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆ ಅನ್ನುವುದು. ನನಗೆ ಜಾಸ್ತಿ ಹೊತ್ತು ಹಿಡಿದದ್ದು ಇದೇ. ಉಪಗ್ರಹ ದಿಗಂತಕ್ಕೆ ಹತ್ತಿರವಾದಷ್ಟೂ ಪ್ರತಿಫಲನದ ಬಿಂದು ವಿಮಾನದಿಂದ ದೂರ ಹೋಗುತ್ತದೆ. ಹಾಗಿದ್ದರೆ ತಡ, ಅಂದರೆ ಈ ಜಾಸ್ತಿ ದೂರ, ಹೆಚ್ಚಬೇಕಲ್ವಾ? ಸೂತ್ರ ನೋಡಿದರೆ ಕಡಿಮೆ ಆಗುತ್ತದೆ!

ಅಂಕಿ ಹಾಕಿ ನೋಡೋಣ. ಎತ್ತರ 3000 ಮೀಟರ್, ಏರುಕೋನ 30 ಡಿಗ್ರಿ. ಪ್ರತಿಫಲನದ ಬಿಂದುವಿನಿಂದ ವಿಮಾನಕ್ಕೆ 3000 ÷ 0.5, ಅಂದರೆ 6000 ಮೀಟರ್. ಆದರೆ ಈ 6000 ಪೂರ್ತಿ ತಡವಲ್ಲ. ಉಪಗ್ರಹ ಬಹಳ ದೂರ ಇರುವುದರಿಂದ ಎರಡೂ ಕಿರಣ ಸಮಾಂತರವಾಗಿ ಬರುತ್ತವೆ. ಅಲೆಯ ಮುಂಭಾಗ ಆ ಬಿಂದುವನ್ನು ಮುಟ್ಟಿದ ಕ್ಷಣದಲ್ಲಿ ನೇರ ಕಿರಣವೂ ಇನ್ನೂ ವಿಮಾನ ತಲುಪಿಲ್ಲ. ಬರುವ ಕಿರಣ ಸಾಗುವ ದಿಕ್ಕಿಗೂ ಪುಟಿದ ಕಿರಣ ಸಾಗುವ ದಿಕ್ಕಿಗೂ ನಡುವೆ 60 ಡಿಗ್ರಿ. ಹಾಗಾಗಿ ನೇರ ಕಿರಣಕ್ಕೆ ಇನ್ನೂ 6000 × ಕಾಸ್ 60, ಅಂದರೆ 3000 ಮೀಟರ್ ಬಾಕಿ. ಕಳೆದರೆ ಉಳಿಯುವುದು 3000. ಸೂತ್ರವೂ ಅಷ್ಟೇ ಕೊಡುತ್ತದೆ: 2 × 3000 × 0.5.

ಉಪಗ್ರಹ ನೆತ್ತಿಯ ಮೇಲಿದ್ದರೆ ಕಥೆ ಬೇರೆ. ಅಲೆ ನೆಲ ಮುಟ್ಟುವ ಹೊತ್ತಿಗೆ ನೇರ ಕಿರಣ ವಿಮಾನವನ್ನು ದಾಟಿ 3000 ಮೀಟರ್ ಆಗಿರುತ್ತದೆ. ಮತ್ತೆ ಮೇಲಕ್ಕೆ 3000. ಒಟ್ಟು 6000.

ನನಗೆ ಇಷ್ಟವಾದ ಅಡ್ಡದಾರಿ ಇನ್ನೊಂದಿದೆ. ಕೆರೆಯಲ್ಲಿ ಮರ ತಲೆಕೆಳಗಾಗಿ ಕಾಣುವ ಹಾಗೆ, ನೆಲದ ಕೆಳಗೆ ಅಷ್ಟೇ ಆಳದಲ್ಲಿ ಇನ್ನೊಂದು ಆಂಟೆನಾ ಇದೆ ಅಂದುಕೊಳ್ಳಿ. ಎರಡರ ನಡುವೆ ಎತ್ತರದ ಎರಡರಷ್ಟು ಅಂತರ. ಅದರಲ್ಲಿ ಕಿರಣದ ದಿಕ್ಕಿಗೆ ಬೀಳುವ ಪಾಲು ಎಷ್ಟು ಅಂತ ನೋಡಿದರೆ ಸಾಕು, ಸೈನ್ ತಾನಾಗಿ ಬರುತ್ತದೆ. ಇದು ಸಪಾಟು ನೆಲದ ಲೆಕ್ಕ. ವಿಮಾನಕ್ಕೆ ಸಾಕು. ಇದೇ ಪ್ರತಿಫಲನವನ್ನು ಬಾಹ್ಯಾಕಾಶದಿಂದ ಅಳೆಯುವ ನಾಸಾದ ಸಿಗ್ನಸ್ (CYGNSS) ಥರದ ಉಪಗ್ರಹಗಳಿಗೆ ಭೂಮಿಯ ಡೊಂಕು ಸೇರಿಸಲೇಬೇಕು.

ಪ್ರತಿಫಲಿತ ಸಿಗ್ನಲ್‌ನ ಬಲದಿಂದ ಮಣ್ಣಿನ ತೇವ ಗೊತ್ತಾಗುತ್ತದೆ. ಡೈಎಲೆಕ್ಟ್ರಿಕ್ ಸ್ಥಿರಾಂಕ ಜಾಸ್ತಿ ಇರುವ ವಸ್ತು ರೇಡಿಯೋ ಅಲೆಯನ್ನು ಜಾಸ್ತಿ ಪ್ರತಿಫಲಿಸುತ್ತದೆ. ನೀರಿಗೆ ಇದು ಸುಮಾರು 80. ನೇರ ಕೆಳಗೆ ಬಿದ್ದ ಶಕ್ತಿಯಲ್ಲಿ ಸುಮಾರು ಶೇ. 64 ವಾಪಸ್. ಒಣ ಮಣ್ಣಿಗೆ 4 ಅಂತ ಇಟ್ಟುಕೊಂಡರೆ ಬರೀ ಶೇ. 11. ಒರಟುತನ, ಗಿಡಗಂಟಿ ಎಲ್ಲ ಇದರ ಮೇಲೆ ಕೈಯಾಡಿಸುತ್ತವೆ.

ಪ್ರತಿಫಲನ ಎಷ್ಟು ಜಾಗದಿಂದ ಬಂತು? ನಿಂತ ನೀರಾದರೆ ಮೊದಲ ಫ್ರೆನೆಲ್ ವಲಯದಿಂದ, ಅಂದರೆ ದಾರಿಯ ವ್ಯತ್ಯಾಸ ಅರ್ಧ ತರಂಗದೊಳಗೇ ಇರುವಷ್ಟು ಜಾಗದಿಂದ. ಜಿಪಿಎಸ್‌ನ 19 ಸೆಂಟಿಮೀಟರ್ ತರಂಗಕ್ಕೆ, 3000 ಮೀಟರ್ ಎತ್ತರದಲ್ಲಿ, ಉಪಗ್ರಹ ನೆತ್ತಿಯ ಮೇಲಿದ್ದಾಗ ತ್ರಿಜ್ಯ ಸುಮಾರು 24 ಮೀಟರ್. ಅಲೆ ಎದ್ದ ಕಡಲಿನಲ್ಲಿ ಅದು ಎಷ್ಟೋ ಪಟ್ಟು ಹರಡುತ್ತದೆ.

ಕೊನೆಗೆ, ಈ ಅಳತೆ ಕೈಕೊಡುವ ಜಾಗ. ಜಿಪಿಎಸ್ ಸಿಗ್ನಲ್‌ನ ಮೇಲೆ ಹೊತ್ತು ತರುವ ಸಿ/ಎ ಕೋಡ್‌ನಲ್ಲಿ ಒಂದು ಚಿಪ್, ಅಂದರೆ ಕೋಡ್‌ನ ಒಂದು ತುಣುಕು, ಸುಮಾರು 293 ಮೀಟರ್ ಉದ್ದ. ದಾರಿಯ ವ್ಯತ್ಯಾಸ ಅದಕ್ಕಿಂತ ಕಡಿಮೆ ಆದರೆ ರಿಸೀವರ್ ಕೋಡನ್ನು ಹೊಂದಿಸಿ ನೋಡುವಾಗ ಏಳುವ ನೇರ ಮತ್ತು ಪ್ರತಿಫಲಿತ ಶಿಖರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಏರುಕೋನ 30 ಡಿಗ್ರಿ ಇದ್ದರೆ 293 ಮೀಟರ್ ಎತ್ತರಕ್ಕೇ ಈ ತೊಂದರೆ ಶುರು. ಉಪಗ್ರಹ ನೆತ್ತಿಯ ಮೇಲಿದ್ದರೆ ಸುಮಾರು 147 ಮೀಟರ್‌ಗೆ ಇಳಿಯುವ ತನಕ ಪರವಾಗಿಲ್ಲ.