ಕೂಲಿ ಹಣ ಎಲ್ಲಿಗೆ ಹೋಗುತ್ತದೆ?

ಸರ್ಕಾರ ಒಬ್ಬರಿಗೆ ಕೆಲಸ ಕೊಟ್ಟರೆ ಅದರಿಂದ ಎಷ್ಟು ಜನರಿಗೆ ಅನುಕೂಲ? 1931ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದವರು ಕೇಂಬ್ರಿಡ್ಜ್‌ನ ಅರ್ಥಶಾಸ್ತ್ರಜ್ಞ ರಿಚರ್ಡ್ ಕಾನ್. ಆಗ ಬ್ರಿಟನ್‌ನಲ್ಲಿ ನಿರುದ್ಯೋಗ ವಿಪರೀತವಾಗಿತ್ತು. ಸರ್ಕಾರ ಸಾಲ ಮಾಡಿ ರಸ್ತೆ ಮಾಡಿಸಿದರೆ ಖಾಸಗಿಯವರಿಗೆ ಸಿಗಬೇಕಾದ ಬಂಡವಾಳವೇ ಕಡಿಮೆಯಾಗುತ್ತದೆ ಎಂದು ಅಲ್ಲಿನ ಹಣಕಾಸು ಇಲಾಖೆ ವಾದಿಸುತ್ತಿತ್ತು.

ಕಾನ್ ಅವರ ಲೆಕ್ಕದ ತಿರುಳು ಸರಳ. 100 ರೂಪಾಯಿ ಕೂಲಿ ಸಿಕ್ಕವರು 80 ಖರ್ಚು ಮಾಡುತ್ತಾರೆ ಅಂದುಕೊಳ್ಳಿ. ಆ 80 ಅಂಗಡಿಯವರ ಆದಾಯ. ಅವರು 64 ಖರ್ಚು ಮಾಡುತ್ತಾರೆ. ಹೀಗೆ ಕೂಡಿಸುತ್ತಾ ಹೋದರೆ ಒಟ್ಟು 500 ಆಗುತ್ತದೆ. ಪ್ರತಿ ಸುತ್ತಿನಲ್ಲೂ ಅರ್ಧ ಹಣ ಉಳಿತಾಯಕ್ಕೋ ತೆರಿಗೆಗೋ ಹೋದರೆ ಬರೀ 200. ಮೊದಲ ಹಣ ಹೀಗೆ ಎಷ್ಟು ಪಟ್ಟು ಆಗುತ್ತದೆ ಎಂಬುದೇ ಗುಣಕ. 1936ರಲ್ಲಿ ಬ್ರಿಟಿಷ್ ಅರ್ಥಶಾಸ್ತ್ರಜ್ಞ ಕೇನ್ಸ್ ಇದನ್ನೇ ತಮ್ಮ ಸಿದ್ಧಾಂತದ ನಡುವೆ ಇಟ್ಟರು. ಅಷ್ಟರಲ್ಲಿ ಅಮೆರಿಕದಲ್ಲಿ ರೂಸ್‌ವೆಲ್ಟ್ ಸರ್ಕಾರದ ದೊಡ್ಡ ಉದ್ಯೋಗ ಯೋಜನೆ ಶುರುವಾಗಿತ್ತು. ಎಂಟು ವರ್ಷಗಳಲ್ಲಿ ಸುಮಾರು 85 ಲಕ್ಷ ಜನ ಅದರಲ್ಲಿ ದುಡಿದರು.

ಆದರೆ ಗುಣಕ ಅನ್ನೋದು ಒಂದೇ ಒಂದು ಸಂಖ್ಯೆ. ಹಣ ಯಾರ ಕೈಗೆ ಸೇರಿತು ಅಂತ ಅದು ಹೇಳುವುದಿಲ್ಲ. ಆ ಕೊರತೆ ತುಂಬಿದ್ದು ಅರ್ಥಶಾಸ್ತ್ರಜ್ಞ ಲಿಯೊಂಟಿಫ್ ಅವರ ಕೋಷ್ಟಕ. ಯಾವ ಉದ್ಯಮ ಯಾವುದರಿಂದ ಎಷ್ಟು ಕೊಳ್ಳುತ್ತದೆ ಎಂಬುದನ್ನು ಅದು ಮನೆ ಮನೆಗೆ ಕೊಟ್ಟು ತಗೊಂಡ ಲೆಕ್ಕದ ಹಾಗೆ ಬಿಡಿಸಿಡುತ್ತದೆ. ಮುಂದೆ ಬ್ರಿಟಿಷ್ ಅರ್ಥಶಾಸ್ತ್ರಜ್ಞ ರಿಚರ್ಡ್ ಸ್ಟೋನ್ ಮತ್ತು ಅವರ ಜೊತೆಯವರು ಇದಕ್ಕೆ ಕುಟುಂಬಗಳ ಆದಾಯ, ಖರ್ಚನ್ನೂ ಸೇರಿಸಿದರು.

ನನಗೆ ತುಂಬಾ ಇಷ್ಟವಾಗುವುದು ಈ ವಿಧಾನವನ್ನು ಒಂದೇ ಹಳ್ಳಿಗೆ ಇಳಿಸಿದ ಪ್ರಯತ್ನ. ಗುಜರಾತಿನ ನಾನಾ ಕೋಟಡಾದಲ್ಲಿ ಅರ್ಥಶಾಸ್ತ್ರಜ್ಞೆ ಇಂದಿರಾ ಹಿರ್ವೆ ಮತ್ತು ಸಂಗಡಿಗರು ಇಡೀ ಊರಿನ ಕೊಡು-ಕೊಳ್ಳುವಿಕೆಯ ಕೋಷ್ಟಕ ಮಾಡಿ, ಉದ್ಯೋಗ ಖಾತ್ರಿ ಕೆಲಸದ ಪರಿಣಾಮ ಅಳೆದರು. ಹೆಂಗಸರು ನೀರು ಹೊರುವಂಥ ಸಂಬಳವಿಲ್ಲದ ದುಡಿಮೆಯನ್ನೂ ಗಮನಿಸಿದರು. ಅದು ಲೆಕ್ಕಕ್ಕೆ ಬರಲೇಬೇಕಲ್ವಾ?

ಇಷ್ಟಾದರೂ ಈ ಕೋಷ್ಟಕಗಳಿಗೆ ಒಂದು ಮಿತಿಯಿದೆ. ಬೆಲೆ, ಕೂಲಿ ಬದಲಾಗುವುದಿಲ್ಲ ಎಂದು ಅಂದುಕೊಂಡೇ ಅವು ಹೊರಡುತ್ತವೆ. ಆದರೆ ಸರ್ಕಾರಿ ಕೆಲಸ ಸರಿಯಾಗಿ ಸಿಕ್ಕರೆ ಜನ ಕಡಿಮೆ ಕೂಲಿಗೆ ಬೇರೆ ಕಡೆ ಹೋಗುವುದಿಲ್ಲ, ಆಗ ಖಾಸಗಿಯವರೂ ಕೂಲಿ ಏರಿಸಬೇಕಾಗುತ್ತದೆ. ಅವಿಭಜಿತ ಆಂಧ್ರದಲ್ಲಿ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್, ಪಾಲ್ ನೀಹಾಸ್, ಸಂದೀಪ್ ಸುಖ್ತಂಕರ್ ಇದನ್ನೇ ಪರೀಕ್ಷಿಸಿದರು. ಉದ್ಯೋಗ ಖಾತ್ರಿ ಕೂಲಿ ಸರಿಯಾಗಿ ಕೈಸೇರಲೆಂದು ಸ್ಮಾರ್ಟ್‌ಕಾರ್ಡ್ ಮೂಲಕ ಪಾವತಿಯನ್ನು ಮೊದಲು ಕೆಲವು ಮಂಡಲಗಳಿಗೆ (ಜಿಲ್ಲೆಯೊಳಗಿನ ಆಡಳಿತ ಭಾಗಗಳಿಗೆ) ಮಾತ್ರ, ಚೀಟಿ ಎತ್ತಿದ ಹಾಗೆ ಆರಿಸಿ ತರಲಾಗಿತ್ತು. ಅಲ್ಲಿ ಖಾಸಗಿ ಕೂಲಿ ಏರಿತು, ಖಾಸಗಿ ಕೆಲಸ ಮಾತ್ರ ಕಡಿಮೆಯಾಗಲಿಲ್ಲ. ಬಡ ಕುಟುಂಬಗಳಿಗೆ ಹೆಚ್ಚಾದ ಆದಾಯದಲ್ಲಿ ಬಹುಪಾಲು ಬಂದದ್ದು ಯೋಜನೆಯ ಹೊರಗಿನ ದುಡಿಮೆಯಿಂದ. ಬರೀ ಮಸ್ಟರ್ ರೋಲ್ (ಯೋಜನೆಯ ಕೂಲಿಗಾರರ ಹಾಜರಿ ಪಟ್ಟಿ) ನೋಡಿದವರಿಗೆ ಅದು ಕಾಣುತ್ತಲೇ ಇರಲಿಲ್ಲ.