ಕ್ಯಾಶ್ ಅಂದರೆ ಕಾಸಲ್ಲ, ಹಗೇವು

ಹೋದ ತಿಂಗಳು ವಾಟ್ಸಾಪಿನಲ್ಲಿ ಒಂದು ಪೋಸ್ಟರ್ ಬಂತು. ‘ಸೈಕಲ್ ಜಿಯೋಕ್ಯಾಶಿಂಗ್ ಈವೆಂಟ್! ಕ್ಯಾಶ್ ಹುಡುಕಿ, ಕ್ಯಾಶ್ ಗೆಲ್ಲಿ!’ ಕೆಳಗೆ ಐನೂರರ ನೋಟಿನ ಚಿತ್ರ, ಅದರ ಪಕ್ಕ ಹೆಲ್ಮೆಟ್ ಹಾಕಿಕೊಂಡು ಹಲ್ಲು ಬಿಡುತ್ತಿರುವ ಹುಡುಗ. ಜಿಯೋಕ್ಯಾಶಿಂಗ್ ಅಂದರೆ ಯಾರೋ ಬಚ್ಚಿಟ್ಟ ಡಬ್ಬಿಯನ್ನು ಅಕ್ಷಾಂಶ ರೇಖಾಂಶ ನೋಡಿಕೊಂಡು, ಜಿಪಿಎಸ್ ಹಿಡಿದು ಹುಡುಕುವ ಆಟ. ಆ ಡಬ್ಬಿಯ ಹೆಸರೇ ‘ಕ್ಯಾಶ್’, ದುಡ್ಡಿಗೂ ಅದಕ್ಕೂ ಸಂಬಂಧ ಇಲ್ಲ. ಈ ವರ್ಷ ನಾನು ನೋಡಿದ ಇಂಥ ಪೋಸ್ಟರುಗಳಲ್ಲಿ ಇದು ಮೂರನೆಯದು. ಮೊದಲನೆಯದಕ್ಕೆ ನಕ್ಕೆ. ಎರಡನೆಯದಕ್ಕೆ ‘ಸ್ವಲ್ಪ ತಿದ್ದಿ’ ಅಂತ ಮೆಸೇಜ್ ಹಾಕಿದೆ. ಮೂರನೆಯದಕ್ಕೆ ಈ ಬರಹ.

ಅರ್ಧ ತಪ್ಪು ನಮ್ಮ ಲಿಪಿಯದ್ದು, ಒಪ್ಪುತ್ತೇನೆ. ದುಡ್ಡಿನ ಕ್ಯಾಶ್ (cash), ಈ ಆಟದ ಕ್ಯಾಶ್ (cache), ಇಂಗ್ಲಿಷಿನಲ್ಲಿ ಇವಕ್ಕೆ ಸ್ಪೆಲ್ಲಿಂಗ್ ಬೇರೆ, ಉಚ್ಚಾರ ಒಂದೇ. ನಾವು ಆಡಿದ ಹಾಗೆ ಬರೆಯುವವರು. ಹಾಗಾಗಿ ಕನ್ನಡಕ್ಕೆ ಬಂದ ಕೂಡಲೇ ಎರಡೂ ಒಂದೇ ಅಕ್ಷರದಲ್ಲಿ ಸೇರಿಹೋದವು. ಇದರಿಂದ ತಪ್ಪಿಸಿಕೊಳ್ಳಲು ಕೆಲವರು ‘ಕ್ಯಾಚ್’ ಅಂತಾರೆ, ಕೆಲವರು ‘ಕೇಶ್’ ಅಂತಾರೆ. ಕೇಶ ಹುಡುಕಲು ಸೈಕಲ್ ಬೇಡ, ಬಾಚಣಿಗೆ ಸಾಕು. ಸ್ಟೈಲಾಗಿ ‘ಕ್ಯಾಶೆ’ ಅನ್ನುವವರೂ ಇದ್ದಾರೆ. ಅದು ಬೇರೆಯೇ ಪದ (cachet). ಅಂಚೆಚೀಟಿ ಕೂಡಿಸುವವರನ್ನು ಕೇಳಿ, ವಿಶೇಷ ಲಕೋಟೆಯ ಮೇಲಿನ ಮುದ್ರೆಗೆ ಅವರು ಆ ಹೆಸರು ಹೇಳುತ್ತಾರೆ.

ಈಗ ಮಜಾ ನೋಡಿ. ದುಡ್ಡಿನ ಕ್ಯಾಶ್ ಹುಟ್ಟಿದಾಗ ದುಡ್ಡಾಗಿರಲಿಲ್ಲ, ಪೆಟ್ಟಿಗೆಯಾಗಿತ್ತು. ಲ್ಯಾಟಿನ್ನಿನಲ್ಲಿ ‘ಕಾಪ್ಸಾ’ ಅಂದರೆ ಪೆಟ್ಟಿಗೆ. ಅದೇ ಇಟಲಿಯಲ್ಲಿ ‘ಕಾಸ್ಸಾ’ ಆಯಿತು, ಫ್ರಾನ್ಸಿನಲ್ಲಿ ‘ಕೇಸ್’ ಆಯಿತು, ಇಂಗ್ಲಿಷಿಗೆ ಬರುವಾಗ ಹಣದ ಪೆಟ್ಟಿಗೆ ಅಂತ ಬಂತು. ಆಮೇಲೆ ಪೆಟ್ಟಿಗೆ ಹೋಗಿ ಒಳಗಿನ ಹಣ ಉಳಿಯಿತು. ಇಂಗ್ಲಿಷಿನಲ್ಲಿ ಇನ್ನೊಂದು ‘ಕ್ಯಾಶ್’ ಇದೆ, ಚಿಲ್ಲರೆ ನಾಣ್ಯದ ಹೆಸರು. ಅದು ಹೋಗಿದ್ದು ನಮ್ಮ ಕಡೆಯಿಂದ. ತಮಿಳಿನ ಕಾಸು, ನಮ್ಮದೂ ಅದೇ ಕಾಸು, ಪೋರ್ಚುಗೀಸರ ಬಾಯಲ್ಲಿ ತಿರುಗಿ ಇಂಗ್ಲಿಷಿಗೆ ದಾಟಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರಿನ ತಾಮ್ರದ ನಾಣ್ಯ ಸಿಕ್ಕರೆ ನೋಡಿ. ಕನ್ನಡದಲ್ಲಿ ‘ಕಾಸು’ ಅಂತಲೂ ಇಂಗ್ಲಿಷಿನಲ್ಲಿ ‘ಕ್ಯಾಶ್’ ಅಂತಲೂ ಒಂದೇ ಬಿಲ್ಲೆಯ ಮೇಲೆ ಕೂತಿವೆ.

ನಮ್ಮ ಆಟದ ಕ್ಯಾಶ್‌ಗೆ ಇವೆರಡರ ಗಾಳಿಯೂ ತಗುಲಿಲ್ಲ. ಅದು ಫ್ರೆಂಚಿನ ‘ಕಾಶೇ’ (cacher), ಅಂದರೆ ಬಚ್ಚಿಡು. ಅದರ ಲ್ಯಾಟಿನ್ ಬೇರಿಗೆ ಒತ್ತು, ಅದುಮು ಎಂಬ ಅರ್ಥ. ತಮಾಷೆ ಏನೆಂದರೆ, ಪೆಟ್ಟಿಗೆ ಅನ್ನುವ ಅರ್ಥದಲ್ಲಿ ಹುಟ್ಟಿದ ಪದ ಇವತ್ತು ದುಡ್ಡಾಗಿದೆ, ಬಚ್ಚಿಡು ಅಂತ ಹುಟ್ಟಿದ್ದು ಇವತ್ತು ಡಬ್ಬಿಯಾಗಿದೆ.

ಬಚ್ಚಿಡುವುದರಿಂದ ಡಬ್ಬಿಗೆ ಬಂದ ದಾರಿ ಉತ್ತರ ಅಮೆರಿಕದ ಕಾಡಿನದ್ದು. ಅಲ್ಲಿ ತುಪ್ಪಳದ ವ್ಯಾಪಾರಕ್ಕೆ ಅಲೆಯುತ್ತಿದ್ದ ಫ್ರೆಂಚ್ ಬೇಟೆಗಾರರು ಎಲ್ಲ ಸಾಮಾನನ್ನೂ ಹೊತ್ತು ತಿರುಗಲಾಗದೆ ದಾರಿಯಲ್ಲಿ ನೆಲ ತೋಡಿ ಹೂಳುತ್ತಿದ್ದರು. ಆ ಗುಂಡಿಯೇ ಕ್ಯಾಶ್. 1805ರಲ್ಲಿ ಆ ಖಂಡದ ಪಶ್ಚಿಮ ತೀರಕ್ಕೆ ದಾರಿ ಹುಡುಕುತ್ತಾ ಹೊರಟಿದ್ದ ಲೂಯಿಸ್ ಮತ್ತು ಕ್ಲಾರ್ಕ್ ಎಂಬ ಅನ್ವೇಷಕರ ತಂಡ ಮಿಸೌರಿ ನದಿಯ ದಾರಿಯಲ್ಲಿ ಇಂಥ ಗುಂಡಿಗಳನ್ನು ತೋಡಿತು. ಮೊದಲು ಮೇಲಿನ ಹುಲ್ಲುಹಾಸನ್ನು ದುಂಡಗೆ ಕೊಯ್ದು ಜೋಪಾನವಾಗಿ ಎತ್ತಿಡಬೇಕು. ಬಾಯಿ ಕಿರಿದು, ಒಳಗೆ ಹೋದಂತೆ ಅಗಲ. ಅಗೆದ ಮಣ್ಣನ್ನು ನದಿಗೆ ಸುರಿಯಬೇಕು, ಹೊಸ ಮಣ್ಣು ಕಂಡರೆ ಗುಟ್ಟು ಬಯಲು. ತಳಕ್ಕೆ ಕಡ್ಡಿ, ಒಣಹುಲ್ಲು, ಮೇಲೆ ಸಾಮಾನು, ಕೊನೆಗೆ ಅದೇ ಹುಲ್ಲುಹಾಸು ವಾಪಸ್. ಇಷ್ಟೆಲ್ಲ ಮಾಡಿಯೂ ಮರುವರ್ಷ ಬಂದು ನೋಡಿದರೆ ಒಂದು ಗುಂಡಿಗೆ ನದಿ ನೀರು ನುಗ್ಗಿತ್ತು. ಕರಡಿ ಚರ್ಮ ಕೊಳೆತಿತ್ತು, ಕೂಡಿಟ್ಟ ಗಿಡಗಳ ಮಾದರಿ ಹಾಳಾಗಿತ್ತು.

ಇದನ್ನು ಓದಿದಾಗ ನನಗೆ ನೆನಪಾದದ್ದು ಅಜ್ಜಿ ಮನೆಯ ಹಗೇವು, ಕಾಳು ತುಂಬಿಡುವ ನೆಲದೊಳಗಿನ ಗುಂಡಿ. ಕಿರಿದಾದ ಬಾಯಿ, ಒಳಗೆ ಗುಡಾಣದ ಹಾಗೆ ಅಗಲ, ಮೇಲೆ ಕಲ್ಲು, ಕಲ್ಲಿನ ಮೇಲೆ ಮಣ್ಣು. ಒಳಗೆ ವರ್ಷಗಟ್ಟಲೆ ಕೆಡದ ರಾಗಿ. ಬಾಯಿ ತೆಗೆದ ಮೇಲೆ ಗಾಳಿ ಆಡಲು ಬಿಡದೆ ಯಾರನ್ನೂ ಇಳಿಸುತ್ತಿರಲಿಲ್ಲ, ಒಳಗಿನ ಗಾಳಿಗೆ ಉಸಿರು ಕಟ್ಟಿ ಸತ್ತವರಿದ್ದಾರೆ. ಹಗೇವನ್ನು ಯಾರೂ ‘ಗೆಲ್ಲುವುದಿಲ್ಲ’. ಇಟ್ಟು ಹೋಗುತ್ತಾರೆ, ಬೇಕಾದಾಗ ಬರುತ್ತಾರೆ. ಕ್ಯಾಶ್‌ಗೆ ಕನ್ನಡ ಪದ ಬೇಕೇಬೇಕು ಅನ್ನುವವರಿಗೆ ನನ್ನ ಕಡೆಯಿಂದ ಇದು.

ಕಂಪ್ಯೂಟರಿನವರೂ ಇದೇ ಅರ್ಥ ಹಿಡಿದು ಹೋದರು. 1968ರಲ್ಲಿ ಐಬಿಎಂನ ಸಿಸ್ಟಂ/360 ಮಾಡೆಲ್ 85 ಎಂಬ ಯಂತ್ರದ ವೇಗದ ಮೆಮೊರಿಗೆ ‘ಕ್ಯಾಶ್’ ಅಂತ ಹೆಸರಿಟ್ಟರು. ಪದೇ ಪದೇ ಬೇಕಾಗುವುದನ್ನು ಕೈಗೆ ಸಿಗುವ ಹಾಗೆ ಹತ್ತಿರ ಇಟ್ಟುಕೊಳ್ಳುವ ಜಾಗ. ಮೊಬೈಲ್ ಅಂಗಡಿಯ ಹುಡುಗ ‘ಕ್ಯಾಶ್ ಕ್ಲಿಯರ್ ಮಾಡಿ ಸಾರ್’ ಅಂದಾಗ ಯಾರೂ ಪರ್ಸ್ ತೆಗೆಯುವುದಿಲ್ಲ, ಅಲ್ವಾ? ಅಲ್ಲಿ ಅರ್ಥವಾದದ್ದು ಸೈಕಲ್ ಹತ್ತಿದ ಕೂಡಲೇ ಯಾಕೆ ಮರೆತುಹೋಗುತ್ತದೋ ಗೊತ್ತಿಲ್ಲ.

ಆಟದ ಹೆಸರೂ ಮೊದಲು ಇದಾಗಿರಲಿಲ್ಲ. 2000ದ ಮೇ 2ರಂದು ಅಮೆರಿಕ ಸರ್ಕಾರ ಜಿಪಿಎಸ್‌ನಲ್ಲಿ ಬೇಕಂತಲೇ ಬೆರೆಸುತ್ತಿದ್ದ ತಪ್ಪನ್ನು ನಿಲ್ಲಿಸಿತು, ಸಾಮಾನ್ಯರಿಗೂ ಜಾಗ ಹೆಚ್ಚು ಕರಾರುವಾಕ್ಕಾಗಿ ಸಿಗತೊಡಗಿತು. ಮರುದಿನವೇ ಡೇವ್ ಉಲ್ಮರ್ ಎಂಬಾತ ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ಒಂದು ಕಪ್ಪು ಬಕೆಟ್ ಇಟ್ಟು, ಅದರ ಅಕ್ಷಾಂಶ ರೇಖಾಂಶವನ್ನು ಇಂಟರ್ನೆಟ್ಟಿಗೆ ಹಾಕಿದ. ಅವನು ಅದನ್ನು ಕರೆದದ್ದು ‘ಸ್ಟ್ಯಾಶ್’ ಅಂತ. ಆ ಪದಕ್ಕೆ ಗಾಂಜಾ ಬಚ್ಚಿಡುವ ವಾಸನೆ ಇದೆ. ಅದೇ ತಿಂಗಳ 30ಕ್ಕೆ ಮ್ಯಾಟ್ ಸ್ಟಮ್ ಎಂಬಾತ ‘ಜಿಯೋಕ್ಯಾಶಿಂಗ್’ ಸೂಚಿಸಿದ, ಅದೇ ಹೆಸರು ಉಳಿದುಹೋಯಿತು. ಪೋಸ್ಟರ್ ಮಾಡಿದವರ ಪರವಾಗಿ ಒಂದು ಮಾತನ್ನೂ ಹೇಳಿಬಿಡಬೇಕು: ಆ ಮೊದಲ ಬಕೆಟ್ಟಿನಲ್ಲಿ ಪುಸ್ತಕ, ವಿಡಿಯೋ, ಬೀನ್ಸಿನ ಡಬ್ಬ, ಕವಣೆಯ ಜೊತೆ ಸ್ವಲ್ಪ ದುಡ್ಡೂ ಇತ್ತು. ಆದರೆ ಹೆಸರು ಬಂದದ್ದು ಅದರಿಂದಲ್ಲ.

ಇನ್ನು ಈ ಆಟಕ್ಕೆ ಪತ್ರಿಕೆಯವರು ಕೊಡುವ ಹೆಸರು ‘ನಿಧಿ ಬೇಟೆ’. ಇದು ಕ್ಯಾಶ್‌ಗಿಂತ ಕೆಟ್ಟ ತಪ್ಪು. ನಮ್ಮ ನಾಡಿನಲ್ಲಿ ನಿಧಿ ಹುಡುಕುವವರೆಂದರೆ ನಿಧಿಗಳ್ಳರು. ಪಾಳು ಗುಡಿಯ ಗರ್ಭಗುಡಿ ಅಗೆದು, ಲಿಂಗ ಕಿತ್ತು, ನಿಂಬೆಹಣ್ಣು ಕುಂಕುಮ ಚೆಲ್ಲಿ ಹೋಗುವವರು. ಬ್ರಿಟಿಷರ 1878ರ ಕಾಯಿದೆಯಲ್ಲಿ ನಿಧಿ ಅಂದರೆ ಮಣ್ಣಿನಲ್ಲಿ ಅಡಗಿದ ಬೆಲೆಬಾಳುವ ವಸ್ತು, ಹತ್ತು ರೂಪಾಯಿಗಿಂತ ಹೆಚ್ಚಿನದು ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು. ಜಿಯೋಕ್ಯಾಶ್‌ನಲ್ಲಿ ಬೆಲೆಬಾಳುವುದು ಇರುವುದೂ ಇಲ್ಲ, ಇವತ್ತಿನ ನಿಯಮದಲ್ಲಿ ಜಾಗದ ಒಡೆಯರ ಒಪ್ಪಿಗೆ ಇಲ್ಲದೆ ಅದಕ್ಕಾಗಿ ನೆಲ ಅಗೆಯುವ ಹಾಗೂ ಇಲ್ಲ. ಕಲ್ಲಿನ ಸಂದಿ, ಮರದ ಪೊಟರೆ, ಬೇಲಿಯ ಕಂಬದ ಹಿಂದೆ, ಅಷ್ಟೇ. ಹಳೇ ಗುಡಿಯ ಹತ್ತಿರ ಹತ್ತು ಜನ ಮೊಬೈಲ್ ಹಿಡಿದು ಕಲ್ಲು ಸರಿಸುತ್ತಾ ‘ನಿಧಿ ಹುಡುಕ್ತಿದೀವಿ’ ಅಂದರೆ ಊರಿನವರು ಏನು ಮಾಡುತ್ತಾರೆ ಅಂತ ನಾನು ಬಿಡಿಸಿ ಹೇಳಬೇಕಾ?

ಟ್ರೆಷರ್ ಹಂಟ್ ಬೇರೆ. ಅದು ಒಂದು ದಿನದ್ದು. ಸುಳಿವು ಕೊಡುತ್ತಾರೆ, ಒಬ್ಬರು ಗೆಲ್ಲುತ್ತಾರೆ, ಮುಗಿಯಿತು. ಕ್ಯಾಶ್ ಸಿಕ್ಕಿದವರು ಒಳಗಿನ ಚೀಟಿಯಲ್ಲಿ ಹೆಸರು, ತಾರೀಖು ಬರೆದು ಇದ್ದಲ್ಲೇ ಇಡುತ್ತಾರೆ. ಮುಂದಿನವರು ನಾಳೆ ಬರಬಹುದು, ಮೂರು ವರ್ಷ ಬಿಟ್ಟು ಬರಬಹುದು. ಮೇಲೆ ಹೇಳಿದ ಎರಡನೇ ಪೋಸ್ಟರಿನವರ ರೈಡಿಗೆ ನಾನೂ ಹೋಗಿದ್ದೆ. ಡಬ್ಬಿ ಅಂದರೆ ಒಂದು ಚಿಕ್ಕ ಟಿಫನ್ ಬಾಕ್ಸ್, ನಾಲ್ಕೂ ಕಡೆ ಕ್ಲಿಪ್ ಇರುವಂಥದ್ದು. ಒಂದು ಕ್ಲಿಪ್ ಮುರಿದಿತ್ತು. ಮಳೆ ನೀರು ಇಳಿದು ಚೀಟಿಯ ಸುರುಳಿ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗಿತ್ತು. ಪೆನ್ನಿನ ಹೆಸರುಗಳು ನೀಲಿ ಕಲೆಗಳಾಗಿದ್ದವು, ಪೆನ್ಸಿಲಿನವು ಮಾತ್ರ ಉಳಿದಿದ್ದವು. ಪೆನ್ಸಿಲ್ ತನ್ನಿ ಅಂತ ನಾನು ಎಲ್ಲರಿಗೂ ಹೇಳುವುದು ಸುಮ್ನೆ ಅಲ್ಲ. ನಾವು ಹಾಳೆ ಬದಲಾಯಿಸಿ, ಕಲ್ಲಿನ ಸಂದಿಗೆ ವಾಪಸ್ ಇಟ್ಟು ಮುಂದೆ ಹೋದೆವು. ಕಡೆಯ ಗುಂಪಿನ ಒಬ್ಬ ಹುಡುಗ ಅದನ್ನು ಗೆದ್ದೆ ಅಂದುಕೊಂಡು ಬ್ಯಾಗಿಗೆ ಹಾಕಿಕೊಂಡು ಹೋದ. ಸಂಜೆ ಅವನ ತಾಯಿ ಫೋನ್ ಮಾಡಿದರು. “ಸಾರ್, ನಮ್ ಹುಡುಗ ಡಬ್ಬಿ ಗೆದ್ಕೊಂಡ್ ಬಂದಿದಾನೆ, ಒಳಗೆ ಬರೀ ಒಂದ್ ಪೇಪರ್ ಇದೆಯಲ್ಲ, ಬಹುಮಾನ ಬೇರೆ ಕೊಡ್ತೀರಾ?”

‘ಈವೆಂಟ್’ ಪದದ ಗತಿಯೂ ಇದೇ. ಈ ಆಟದಲ್ಲಿ ಈವೆಂಟ್ ಅಂದರೆ ಕಾರ್ಯಕ್ರಮ ಅಂತಲ್ಲ, ಅದೂ ಒಂದು ಬಗೆಯ ಕ್ಯಾಶ್. ಡಬ್ಬಿಯ ಬದಲು ಜನ. ಒಂದು ಜಾಗ, ಒಂದು ಹೊತ್ತು ಗೊತ್ತುಮಾಡಿ, ಕಡಿಮೆಯೆಂದರೆ 30 ನಿಮಿಷ ಅಲ್ಲಿ ಇರಬೇಕು. ಎರಡು ವಾರ ಮುಂಚೆಯೇ ಆಟದ ವೆಬ್‌ಸೈಟಿಗೆ ಒಪ್ಪಿಗೆಗೆ ಕಳಿಸಬೇಕು. ಬಂದವರು ಅಲ್ಲಿ ‘ಸಿಕ್ಕಿತು’ ಅಂತ ಹಾಕುವುದಿಲ್ಲ, ‘ಹಾಜರಿದ್ದೆ’ ಅಂತ ಹಾಕುತ್ತಾರೆ. ಸೈಕಲಿನಲ್ಲಿ ಗುಂಪಾಗಿ ಹೊರಟು ಆರು ಡಬ್ಬಿ ಹುಡುಕಿದರೆ ಅದು ಈವೆಂಟ್ ಆಗುವುದಿಲ್ಲ, ರೈಡ್ ಆಗುತ್ತದೆ. ಎರಡೂ ಬೇಕಿದ್ದರೆ ಮೊದಲು ಒಂದು ಕಡೆ ಅರ್ಧ ಗಂಟೆ ಕಾಫಿ ಕುಡಿಯಿರಿ, ಅದು ಈವೆಂಟ್. ಆಮೇಲೆ ಪೆಡಲ್ ತುಳಿಯಿರಿ.

ಜಾಗ ತಲುಪುವುದು ಎಷ್ಟು ಕಷ್ಟ ಅಂತ ಪ್ರತಿ ಕ್ಯಾಶ್‌ಗೂ ಕೊಡುವ ‘ಟೆರೇನ್’ ಎಂಬ ಅಂಕಿಯನ್ನೂ ಆಯೋಜಕರು ಓದುವುದಿಲ್ಲ. 1 ಅಂದರೆ ಗಾಲಿಕುರ್ಚಿಯೂ ಹೋಗುವ ಜಾಗ, 5 ಅಂದರೆ ಹಗ್ಗವೋ ದೋಣಿಯೋ ಬೇಕಾಗುವ ಜಾಗ. ಸೈಕಲ್ ಗುಂಪಿಗೆ 2ರ ಆಸುಪಾಸು ಸಾಕು. ನಮ್ಮನ್ನು 4ಕ್ಕೆ ಕರೆದೊಯ್ದವರಿದ್ದಾರೆ, ಪೆಡಲಿಗೆ ಸಿಕ್ಕಿಸುವ ಕ್ಲೀಟ್ ಶೂ ಹಾಕಿಕೊಂಡು ಬಂಡೆ ಹತ್ತಿದ್ದೇವೆ. ಹನ್ನೆರಡು ಸೈಕಲ್ಲನ್ನು ಒಂದೇ ಬೇಲಿಗೆ ಒರಗಿಸಿದರೆ ಗುಟ್ಟು ಉಳಿಯುವುದಿಲ್ಲ, ಲೂಯಿಸ್ ಮತ್ತು ಕ್ಲಾರ್ಕರ ಹೊಸ ಮಣ್ಣಿನ ಕಥೆಯೇ. ದೂರ ನಿಲ್ಲಿಸಿ, ಇಬ್ಬಿಬ್ಬರನ್ನು ಕಳಿಸಿ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಹಿಂದಿನ ವರ್ಷ ಕಬ್ಬನ್ ಪಾರ್ಕಿನಲ್ಲಿ ಸೇರೋಣ ಅಂತ, ಮಜಾ ಇರಲಿ ಎಂದು ಬರೀ ಅಂಕಿ ಕಳಿಸಿದ್ದೆ: ಉತ್ತರ 12° 58.500, ಪೂರ್ವ 77° 35.500. ಈ ಆಟದವರು ಬರೆಯುವುದು ಹೀಗೆ, ಡಿಗ್ರಿ, ಆಮೇಲೆ ಮಿನಿಟು, ಅರವತ್ತು ಮಿನಿಟಿಗೆ ಒಂದು ಡಿಗ್ರಿ. ಗೆಳೆಯನೊಬ್ಬ ಅದನ್ನು ಮ್ಯಾಪಿನಲ್ಲಿ 12.58500, 77.35500 ಅಂತ ಹೊಡೆದ. ಆಗಬೇಕಿದ್ದದ್ದು 12.975, 77.5917. ವ್ಯತ್ಯಾಸ ನೇರ ಗೆರೆಯಲ್ಲೇ ಸುಮಾರು 50 ಕಿಲೋಮೀಟರ್. ನಾವು ಎರಡನೇ ಕಾಫಿ ಕುಡಿಯುವ ಹೊತ್ತಿಗೆ ತಲಘಟ್ಟಪುರ ದಾಟಿದವನಿಂದ ಫೋನ್ ಬಂತು.

“ಗುರೂ, ಕನಕಪುರದ ಹತ್ರ ಅಂತ ತೋರಿಸ್ತಿದೆ, ಬೆಳಗಿನ ತಿಂಡಿ ಅಲ್ಲೇನಾ?”