ಶಾಲೆಗೆ ಸಿಎನ್‌ಸಿ: ಪುಕ್ಕಟೆ ಬಂದರೂ ದೊಡ್ಡದು ಬೇಡ

ಭೋಸರಿ ಕೈಗಾರಿಕಾ ಪ್ರದೇಶದಲ್ಲಿ ಅಚ್ಚು, ಉಪಕರಣ ಮಾಡುವ ಟೂಲ್‌ರೂಮಿನವನು ಅಂತ ಗೊತ್ತಾದ ಮೇಲೆ ಪುಣೆಯ ಕನ್ನಡಿಗರ ಶಾಲೆಗಳಿಂದ ನನಗೆ ಬರುವ ಫೋನುಗಳ ವಿಷಯ ಹೆಚ್ಚುಕಡಿಮೆ ಒಂದೇ: "ಸರ್, ಚಾಕಣ್ ಕಡೆಯ ಕಂಪನಿಯವರು ಹಳೇ ಸಿಎನ್‌ಸಿ ಮಷೀನು ಪುಕ್ಕಟೆ ಕೊಡ್ತಾರಂತೆ. ತಗೊಂಡುಬಿಡೋಣ್ವಾ?"

ಬೇಡ. ಸಿಎನ್‌ಸಿ ಅಂದರೆ ಕಂಪ್ಯೂಟರಿನ ಆದೇಶದಂತೆ ತಾನೇ ಕೊರೆಯುವ ಯಂತ್ರ. ಕಾರ್ಖಾನೆಯದರ ತೂಕವೇ ಟನ್‌ಗಟ್ಟಲೆ, ಮಹಡಿಯ ಮೇಲಂತೂ ಇಡುವಂತಿಲ್ಲ. 415 ವೋಲ್ಟ್ ತ್ರೀ-ಫೇಸ್ ಎಳೆಸಬೇಕು, ಕಂಪ್ರೆಸರ್ ಬೇಕು, ಕಟರನ್ನು ತಂಪಾಗಿಡುವ ಕೂಲಂಟ್ ದ್ರವ ನಾರದಂತೆ ನೋಡಿಕೊಳ್ಳಬೇಕು. ಇವನ್ನೆಲ್ಲ ಹೇಗೋ ನಿಭಾಯಿಸಿದಿರಿ ಅಂದುಕೊಳ್ಳೋಣ. ಯಂತ್ರ ನಡೆಸುವ ಹಳೇ ಕಂಟ್ರೋಲರುಗಳಲ್ಲಿ ಪ್ಯಾರಾಮೀಟರುಗಳು, ಅಂದರೆ ಆ ಯಂತ್ರದ್ದೇ ಹೊಂದಾಣಿಕೆಯ ಅಂಕಿಗಳು, ಉಳಿಯುವುದು ಒಂದು ಸಣ್ಣ ಬ್ಯಾಟರಿಯ ಬಲದಿಂದ. ಬೇಸಿಗೆ ರಜೆಯಲ್ಲಿ ಅದು ಸತ್ತರೆ, ಜೂನ್‌ನಲ್ಲಿ ಸ್ವಿಚ್ ಹಾಕಿದಾಗ ಯಂತ್ರಕ್ಕೆ ತಾನು ಯಾರೆಂಬುದೇ ಮರೆತಿರುತ್ತದೆ. ಆ ಅಂಕಿಗಳನ್ನು ಯಾರೂ ಬರೆದಿಟ್ಟಿರುವುದಿಲ್ಲ.

ಮೇಜಿನ ಮೇಲೆ ಕೂರುವ, 230 ವೋಲ್ಟಿನ ಸಾಧಾರಣ ಪ್ಲಗ್ಗಿನಲ್ಲಿ ಓಡುವ, ತಿರುಗುವ ಕಟರನ್ನು ಉದ್ದ, ಅಡ್ಡ, ಎತ್ತರ ಮೂರೂ ಅಕ್ಷದಲ್ಲಿ ನಡೆಸುವ ಚಿಕ್ಕ ಮಿಲ್ಲಿಂಗ್ ಯಂತ್ರ ಸಾಕು. ಮರ, ಅಕ್ರಿಲಿಕ್, ನೈಲಾನ್ ಕೊರೆದರಾಯಿತು, ನಿಧಾನಕ್ಕೆ ಅಲ್ಯೂಮಿನಿಯಂ. ಉಕ್ಕಿನ ಆಸೆ ಬಿಡಿ.

ಮಾರುವವರು ಮೊದಲು ಯಂತ್ರ ಎಷ್ಟು ನಿಖರ ಅಂತ ಮೈಕ್ರಾನ್ ಲೆಕ್ಕ ತೆಗೆಯುತ್ತಾರೆ. ನೀವು ಕಟರ್ ತಿರುಗಿಸುವ ಸ್ಪಿಂಡಲ್ಲಿನ ವೇಗ ಎಷ್ಟಕ್ಕೆ ಇಳಿಯುತ್ತದೆ ಅಂತ ಕೇಳಿ. ನಿಮಿಷಕ್ಕೆ 20,000 ಸುತ್ತಿನಲ್ಲಿ ಫೀಡ್, ಅಂದರೆ ಕಟರ್ ಮುಂದೆ ಸಾಗುವ ವೇಗ, ನಿಧಾನವಿಟ್ಟರೆ ಅಕ್ರಿಲಿಕ್ ಕತ್ತರಿಸುವುದಿಲ್ಲ, ಕರಗಿ ಕಟರಿಗೇ ಅಂಟುತ್ತದೆ. ಕಟರಿನ ಅಂಚು ನಿಮಿಷಕ್ಕೆ 100 ಮೀಟರ್ ಸಾಗಬೇಕೆಂದರೆ 6 ಮಿ.ಮೀ. ವ್ಯಾಸದ ಕಟರ್ ನಿಮಿಷಕ್ಕೆ ಸುಮಾರು 5,300 ಸುತ್ತು ತಿರುಗಬೇಕು. ಎಂಟನೇ ತರಗತಿಯವರು ಪರಿಧಿಯ ಸೂತ್ರದಿಂದಲೇ ಮಾಡಬಹುದಾದ ಲೆಕ್ಕ. ಅದನ್ನು ಮಾಡಿಸದ ವರ್ಕ್‌ಶಾಪಿಗೆ ಸಿಎನ್‌ಸಿ ಯಾಕೆ ಬೇಕೋ ನನಗೆ ಅರ್ಥವಾಗುವುದಿಲ್ಲ.

ಅಂಗಡಿಯಲ್ಲೇ ಒಂದು ವೃತ್ತ ಕೊರೆಸಿ ನೋಡಿ. ಅಕ್ಷ ನಡೆಸುವ ಸ್ಕ್ರೂನಲ್ಲಿ ಪ್ಲೇ (ಸಡಿಲ) ಇದ್ದರೆ, ಅಕ್ಷ ದಿಕ್ಕು ಬದಲಿಸುವ ನಾಲ್ಕು ಕಡೆ ಸಣ್ಣ ಮೆಟ್ಟಿಲು ಬೆರಳಿಗೆ ಸಿಗುತ್ತದೆ. ಕ್ಯಾಟಲಾಗಿನಲ್ಲಿ ಇದು ಇರುವುದಿಲ್ಲ.

ಚಿತ್ರ ಹಾಕಿ ಬಟನ್ ಒತ್ತಿದರೆ ಕೆಲಸ ಮುಗಿಸುವ, ಒಳಗೇನು ನಡೆಯಿತೆಂದು ತೋರಿಸದ ಸಾಫ್ಟ್‌ವೇರಿನ ಯಂತ್ರ ನನಗೆ ಇಷ್ಟವಿಲ್ಲ. ಯಂತ್ರಕ್ಕೆ ಆದೇಶ ಕೊಡುವ ಭಾಷೆಯಾದ ಜಿ-ಕೋಡ್ ಕೈಯಲ್ಲೇ ಬರೆದು ಓಡಿಸುವಂತಿರಬೇಕು. ಜಿ01 ನೇರ ಗೆರೆ, ಜಿ02 ಬಲಸುತ್ತು, ಎಂ05 ಅಂದರೆ ಸ್ಪಿಂಡಲ್ ನಿಲ್ಲು. ಇಷ್ಟು ಓದಬಲ್ಲ ಹುಡುಗಿ ನಾಳೆ ಕಾರ್ಖಾನೆಯ ಫ್ಯಾನುಕ್ ಕಂಟ್ರೋಲರಿನ ಮುಂದೆಯೂ ಕಕ್ಕಾಬಿಕ್ಕಿಯಾಗುವುದಿಲ್ಲ. ಜಿ-ಕೋಡ್ ಓದಿ ಯಂತ್ರ ನಡೆಸುವ ಜಿಆರ್‌ಬಿಎಲ್ ಎಂಬ ಮುಕ್ತ ತಂತ್ರಾಂಶ ಆರ್ಡುಯಿನೋ ಊನೋ ಎಂಬ ಸಣ್ಣ ಸರ್ಕಿಟ್ ಬೋರ್ಡಿನ ಮೇಲೇ ಓಡುತ್ತದೆ. ಬೋರ್ಡ್ ಸುಟ್ಟರೆ ಪುಣೆಯ ಬುಧವಾರ ಪೇಟೆಯಲ್ಲಿ ಇನ್ನೊಂದು ಸಿಗುತ್ತದೆ.

ಬಾಗಿಲು ತೆರೆದರೆ ನಿಲ್ಲುವ ಕವಚ, ಕೈಗೆಟಕುವ ಕೆಂಪು ಬಟನ್, ಕನ್ನಡಕ: ಇವುಗಳಲ್ಲಿ ಚೌಕಾಸಿ ಬೇಡ. ಕೈಗವಸು ಮಾತ್ರ ಹಾಕಿಸಬೇಡಿ, ತಿರುಗುವ ಕಟರ್ ಅದನ್ನು ಬೆರಳಿನ ಸಮೇತ ಎಳೆದುಕೊಳ್ಳುತ್ತದೆ. ಲೇಸರ್ ಯಂತ್ರ ಕೊಳ್ಳುವವರು ಪಿವಿಸಿ ಹಾಳೆಯನ್ನು ಕೋಣೆಯೊಳಗೇ ಬಿಡಬಾರದು. ಅದು ಸುಟ್ಟಾಗ ಏಳುವ ಹೈಡ್ರೋಜನ್ ಕ್ಲೋರೈಡ್ ಶ್ವಾಸಕೋಶಕ್ಕೂ ಕೆಟ್ಟದ್ದು, ಯಂತ್ರಕ್ಕೂ ತುಕ್ಕು.

ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಲ್ಯಾಬಿನ ಅನುದಾನ ಸಿಕ್ಕ ಶಾಲೆಯವರೂ ಹಣವನ್ನೆಲ್ಲ ಯಂತ್ರಕ್ಕೇ ಸುರಿಯಬಾರದು. ನಾನಾದರೆ ಕಾಲು ಭಾಗ ಕಟರ್, ಕೊರೆಯುವ ತುಂಡನ್ನು ಬಿಗಿಹಿಡಿಯುವ ವೈಸ್, ಧೂಳೆಳೆಯುವ ಯಂತ್ರಕ್ಕೆ ತೆಗೆದಿಡುತ್ತೇನೆ. ಮಕ್ಕಳು ಕಟರ್ ಮುರಿಯುತ್ತಾರೆ, ಮುರಿಯಲಿ.

ಇನ್ನು ರಿಪೇರಿ. ಭೋಸರಿಯ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ, ಒಳ್ಳೆಯ ಮೆಕ್ಯಾನಿಕ್ ಶಾಲೆಗೆ ಬರುವುದೂ ಅವತ್ತೇ. ವರ್ಕ್‌ಶಾಪ್ ಪೀರಿಯಡ್ ಶುಕ್ರವಾರಕ್ಕೆ ಹಾಕಿಕೊಳ್ಳಿ.